ನಾಯಿಗೆ ಅಂಜುವ ಸಾಕು ಮೊಲ: ರೂಢಿ ಮಾಡಿಸುವುದು ಹೇಗೆ?

ಯೆಣೆಗೂರ: ಸೋಲಾಪುರ-ಹೈದರಾಬಾದ್ ಹೆದ್ದಾರಿಯ ಯೆಣೆಗೂರದಿಂದ ಉಮರ್ಗಾ, ನಿಲಂಗಾ, ಉದಗೀರದವರೆಗೆ ಮನೆ ಅಂಗಳದಲ್ಲೊಂದು ನಾಯಿ ಇರುವುದು ಹೊಸ ಸಂಗತಿಯೇನಲ್ಲ. ಅದೇ ಮನೆಗೆ ಮಕ್ಕಳ ಹಟಕ್ಕೆ ಒಂದು ಬಿಳಿ ಮೊಲ ಬಂದಾಗ ತೊಂದರೆ ಶುರುವಾಗುತ್ತದೆ. ನಾಯಿ ಬೊಗಳಿದರೆ ಸಾಕು, ಮೊಲ ಮೂಲೆ ಸೇರಿ ನಡುಗುತ್ತದೆ, ಮೇವು ಬಿಡುತ್ತದೆ. ಎರಡನ್ನೂ ಎದುರುಬದುರು ಕೂರಿಸಿ 'ದೋಸ್ತಿ' ಮಾಡಿಸಲು ಹೋದವರು ಮೊಲವನ್ನೇ ಕಳೆದುಕೊಳ್ಳುವುದುಂಟು.

ಈ ಭಾಗದಲ್ಲಿ ಹೆಚ್ಚು ಎಚ್ಚರಿಕೆ ಬೇಕು. ಲಾತೂರ ಜಿಲ್ಲೆಯಲ್ಲಿ ಹೆಸರಾದ ಕಾರವಾನಿ ಮತ್ತು ಪಶ್ಮಿ, ಬಾಗಲಕೋಟೆ ಕಡೆಯ ಮುಧೋಳ ನಾಯಿಗಳು ಬಯಲಿನಲ್ಲಿ ಮೊಲ ಅಟ್ಟಲೆಂದೇ ತಲೆಮಾರುಗಳಿಂದ ಬೆಳೆದುಬಂದ ತಳಿಗಳು. ಇವು ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುತ್ತವೆ. ಎದುರಿಗೆ ಏನಾದರೂ ಚಂಗನೆ ಓಡಿದರೆ ಬೆನ್ನಟ್ಟುವುದು ಅವುಗಳ ರಕ್ತದಲ್ಲೇ ಇದೆ. ಮನೆಯಲ್ಲಿ ಸೌಮ್ಯವಾಗಿರುವ ನಾಯಿಯೂ ಇದಕ್ಕೆ ಹೊರತಲ್ಲ. ಆದ್ದರಿಂದ ಪಾಠ ಮೊದಲು ನಾಯಿಗೆ, ಆಮೇಲೆ ಮೊಲಕ್ಕೆ.

ಭಯ ಏಕೆ?

ನಮ್ಮ ಹೊಲಗಳ ಕಾಡುಮೊಲವೂ ಸಾಕು ಮೊಲವೂ ಒಂದೇ ಅಲ್ಲ. ಕಾಡುಮೊಲ ಪೊದೆಯ ಮರೆಯಲ್ಲಿದ್ದು ಓಟವನ್ನೇ ನಂಬಿ ಬದುಕುತ್ತದೆ. ಸಾಕು ಮೊಲದ ಮೂಲ ಯುರೋಪಿನದು. ಅದು ನೆಲದಲ್ಲಿ ಬಿಲ ತೋಡಿ ಗುಂಪಾಗಿ ಬಾಳುವ ಪ್ರಾಣಿ. ಅಪಾಯ ಕಂಡೊಡನೆ ಬಿಲಕ್ಕೆ ನುಗ್ಗುವುದು ಅದರ ಸ್ವಭಾವ. ನುಗ್ಗಲು ಜಾಗ ಸಿಗದಿದ್ದಾಗ ಭಯ ಹೆಚ್ಚುತ್ತದೆ. ಕಣ್ಣರಳಿಸಿ ಕಲ್ಲಿನಂತೆ ಕೂರುವುದು, ಕಿವಿಯನ್ನು ಬೆನ್ನಿಗೆ ಒತ್ತಿಕೊಳ್ಳುವುದು, ಹಿಂಗಾಲಿನಿಂದ ನೆಲ ಗುದ್ದುವುದು, ಜೋರಾಗಿ ಏದುವುದು ಭಯದ ಗುರುತುಗಳು. ಅಲುಗಾಡದೆ ಕುಳಿತ ಮೊಲವನ್ನು ಕಂಡು 'ಧೈರ್ಯ ಬಂತು' ಎಂದು ತಿಳಿಯುವುದೇ ಹಲವರು ಮಾಡುವ ತಪ್ಪು.

ಹಂತ ಹಂತವಾಗಿ

* ಮೊಲಕ್ಕೆ ನಾಯಿ ತಲುಪಲಾಗದ ಗಟ್ಟಿ ಜಾಲರಿಯ ಗೂಡು ಬೇಕು. ಒಳಗೆ ಎರಡು ಬಾಗಿಲಿನ ಕಟ್ಟಿಗೆ ಅಥವಾ ರಟ್ಟಿನ ಪೆಟ್ಟಿಗೆ ಇಟ್ಟರೆ ಅದೇ ಅದರ ಬಿಲ.

* ಮೊದಲ ವಾರ ವಾಸನೆಯ ಪರಿಚಯ ಮಾತ್ರ. ನಾಯಿಯ ಮೈ ಒರೆಸಿದ ಬಟ್ಟೆಯನ್ನು ಗೂಡಿನಿಂದ ತುಸು ದೂರ ಇಡಬೇಕು. ಮೊಲದ ಹಾಸುಗೆಯ ಹುಲ್ಲನ್ನು ನಾಯಿಗೆ ಮೂಸಲು ಕೊಡಬೇಕು.

* ಅದೇ ಹೊತ್ತಿನಲ್ಲಿ ನಾಯಿಗೆ 'ಕೂಡು', 'ಬಿಡು', 'ಬಾ' ಎಂಬ ಮಾತುಗಳನ್ನು ಕಲಿಸಬೇಕು. ಹೊಡೆದು ಕಲಿಸುವುದು ಬೇಡ. ಮಾತು ಕೇಳಿದಾಗ ರೊಟ್ಟಿ ಚೂರು ಕೊಟ್ಟರೆ ಸಾಕು.

* ನಂತರ ದೂರದ ದರ್ಶನ. ಚೆನ್ನಾಗಿ ಅಡ್ಡಾಡಿ ದಣಿದ ನಾಯಿಗೆ ಹಗ್ಗ ಕಟ್ಟಿ, ಅಂಗಳದ ಇನ್ನೊಂದು ತುದಿಯಲ್ಲಿ ಮಲಗಿಸಬೇಕು. ಮೊಲ ಗೂಡಿನಲ್ಲೇ ಇರಲಿ, ಮುಂದೆ ಕೊತ್ತಂಬರಿ ಅಥವಾ ಮೆಂತ್ಯ ಸೊಪ್ಪು ಇರಲಿ. ಎರಡು ಮೂರು ನಿಮಿಷ ಸಾಕು. ಮೊಲ ಅಂಜುವ ಮೊದಲೇ ನಾಯಿಯನ್ನು ಕರೆದೊಯ್ಯಬೇಕು.

* ನಾಯಿ ಕಾಣುತ್ತಿರುವಾಗಲೂ ಮೊಲ ಮೇವು ತಿಂದರೆ, ಮೈ ನೆಕ್ಕಿಕೊಂಡರೆ ಮಾತ್ರ ಮರುದಿನ ಒಂದು ಹೆಜ್ಜೆ ಹತ್ತಿರ. ತಿನ್ನುವುದು ನಿಲ್ಲಿಸಿದರೆ ಎರಡು ಹೆಜ್ಜೆ ಹಿಂದೆ. ವಾರಗಳೇ ಹಿಡಿಯಬಹುದು, ತಿಂಗಳುಗಳೂ ಆಗಬಹುದು.

ಮೊಲವನ್ನು ಕೈಯಲ್ಲಿ ಎತ್ತಿ ನಾಯಿಗೆ ತೋರಿಸುವುದು ಸರ್ವಥಾ ಸಲ್ಲದು. ಗಾಬರಿಯಿಂದ ಒದ್ದಾಡಿದಾಗ ಅದರ ಬೆನ್ನುಮೂಳೆಯೇ ಮುರಿಯಬಹುದು.

ಎಲ್ಲಿ ನಿಲ್ಲಿಸಬೇಕು?

ನಾಯಿ ಮೈ ಬಿಗಿದು, ರೆಪ್ಪೆ ಬಡಿಯದೆ ಮೊಲವನ್ನೇ ದಿಟ್ಟಿಸುತ್ತಿದ್ದರೆ, ನಡುಗುತ್ತ ಕುಂಯ್‌ಗುಡುತ್ತಿದ್ದರೆ, ಕರೆದರೂ ತಿರುಗದಿದ್ದರೆ ಪ್ರಯತ್ನ ಕೈಬಿಡುವುದೇ ಲೇಸು. ಬೇಟೆ ತಳಿಯ ಎಷ್ಟೋ ನಾಯಿಗಳಿಗೆ ಬೇರೆ ಕೋಣೆ, ಬೇರೆ ಅಂಗಳವೇ ಸರಿಯಾದ ಪರಿಹಾರ. ಹೊಂದಿಕೊಂಡ ಜೋಡಿಯನ್ನೂ ಮನೆಯಲ್ಲಿ ಯಾರೂ ಇಲ್ಲದಾಗ ಒಟ್ಟಿಗೆ ಬಿಡಬಾರದು. ಬಾಗಿಲಾಚೆಯ ಬೀದಿನಾಯಿಗೆ ಈ ಪಾಠ ಯಾವುದೂ ಗೊತ್ತಿಲ್ಲ ಎಂಬುದೂ ನೆನಪಿರಲಿ. ರಾತ್ರಿ ಗೂಡು ಮನೆಯೊಳಗೇ ಇರಬೇಕು.

ಅಂಜಿದ ಮೊಲದ ಕರುಳಿನ ಚಲನೆ ನಿಂತುಹೋಗಬಹುದು. 10-12 ತಾಸು ಮೇವು ಮುಟ್ಟದಿದ್ದರೆ, ಹಿಕ್ಕೆ ಹಾಕದಿದ್ದರೆ ಬೆಳಗಾಗಲೆಂದು ಕಾಯದೆ ಪಶುವೈದ್ಯರನ್ನು ಕಾಣಬೇಕು. ನಾಯಿಯ ಹಲ್ಲು ತಾಗಿದ ಗಾಯ ಸಣ್ಣದಾಗಿ ಕಂಡರೂ ಒಳಗೆ ಕೀವಾಗುತ್ತದೆ, ಅದಕ್ಕೂ ತಕ್ಷಣದ ಚಿಕಿತ್ಸೆ ಬೇಕು. ಈ ಭಾಗದವರಿಗೆ ತಾಲೂಕಿನ ಪಶು ಚಿಕಿತ್ಸಾಲಯಗಳಲ್ಲದೆ ಉದಗೀರದಲ್ಲಿ ಪಶುವೈದ್ಯಕೀಯ ಕಾಲೇಜು, ಗಡಿಯಾಚೆ ಬೀದರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಇವೆ. ಮನೆ ನಾಯಿಗೆ ರೇಬೀಸ್ ಲಸಿಕೆಯನ್ನು ಪ್ರತಿವರ್ಷ ತಪ್ಪದೆ ಹಾಕಿಸಬೇಕು.

ಇನ್ನೊಂದು ಮಾತು. ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ತಂದು ಸಾಕುವುದಾಗಲಿ, ನಾಯಿ ಬಿಟ್ಟು ಬೇಟೆಯಾಡಿಸುವುದಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ನಾಯಿ ಮತ್ತು ಮೊಲ ಒಂದೇ ತಟ್ಟೆಯಲ್ಲಿ ಉಣ್ಣಬೇಕೆಂಬ ಆಸೆ ಬೇಡ. ಒಂದೇ ಸೂರಿನಡಿ ನಾಯಿ ಇದ್ದರೂ ಮೊಲ ನಿಶ್ಚಿಂತೆಯಿಂದ ಮೇವು ತಿಂದರೆ ಸಾಕಿದವರ ಶ್ರಮ ಸಾರ್ಥಕ.