ಪ್ಲಾಸ್ಟಿಕ್ ಬೇರ್ಪಡಿಸುವ ಅಯಸ್ಕಾಂತ

ಚಿತ್ರದುರ್ಗದ ಚಂದ್ರವಳ್ಳಿ ನೋಡಲು ಬಂದವರು ಕೆರೆದಂಡೆಯಲ್ಲಿ ಬಿಟ್ಟುಹೋಗುವ ಒಂದು ನೀರಿನ ಬಾಟಲಿಯಲ್ಲೇ ಎರಡು ಮೂರು ಜಾತಿಯ ಪ್ಲಾಸ್ಟಿಕ್ ಇರುತ್ತದೆ. ಬಾಟಲಿ ಪೆಟ್, ಮುಚ್ಚಳ ಪಾಲಿಎಥಿಲೀನ್ ಇಲ್ಲವೇ ಪಾಲಿಪ್ರೊಪಿಲೀನ್, ಲೇಬಲ್ ಇನ್ನೊಂದು. ಬಿಡಿಬಿಡಿಯಾಗಿದ್ದರೆ ಬೆಲೆಯುಂಟು, ಒಟ್ಟಿಗೆ ಕರಗಿಸಿದರೆ ಸುಲಭವಾಗಿ ಮುರಿಯುವ ಕಳಪೆ ಮಾಲು. ಪೆಟ್ ರಾಶಿಗೆ ಒಂದಿಷ್ಟು ಪಿವಿಸಿ ಸೇರಿದರಂತೂ ಕಾಯಿಸುವಾಗ ಆಮ್ಲ ಹೊಮ್ಮಿ ಇಡೀ ರಾಶಿ ಕೆಡುತ್ತದೆ. ನಮ್ಮ ಮರುಬಳಕೆ ಎಡವುತ್ತಿರುವುದು ಈ ಬೇರ್ಪಡಿಸುವ ಹಂತದಲ್ಲೇ. ಬೆಂಗಳೂರಿನ ನಾಯಂಡಹಳ್ಳಿಯ ಗುಜರಿ ಶೆಡ್‌ಗಳಲ್ಲಿ ಮುಟ್ಟಿ, ಬಾಗಿಸಿ ಪ್ಲಾಸ್ಟಿಕ್‌ನ ಜಾತಿ ಹೇಳಬಲ್ಲ ನುರಿತ ಕೈಗಳಿವೆ. ಆದರೆ ಯಂತ್ರದಲ್ಲಿ ಪುಡಿಯಾದ ಚೂರುಗಳನ್ನು ಬೆರಳಲ್ಲಿ ಆರಿಸಲಾಗದು. ನೀರಿನ ತೊಟ್ಟಿಗೆ ಸುರಿದರೆ ಪೆಟ್ ಮುಳುಗುತ್ತದೆ, ಸರಿ, 0.91 ಸಾಂದ್ರತೆಯ ಪಾಲಿಪ್ರೊಪಿಲೀನ್ ಮತ್ತು 0.95ರ ಗಟ್ಟಿ ಪಾಲಿಎಥಿಲೀನ್ ಮಾತ್ರ ಜೊತೆಯಾಗಿಯೇ ತೇಲುತ್ತವೆ.

ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪೀಟರ್ ರೆಮ್ ಮತ್ತು ಸಂಗಡಿಗರು ಬೆಳೆಸಿದ ವಿಧಾನ ಈ ತೊಡಕನ್ನೇ ಬಿಡಿಸುತ್ತದೆ. ನೀರಿಗೆ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣ ಬೆರೆಸಿ ಬಲವಾದ ಅಯಸ್ಕಾಂತದ ಬಳಿ ಹರಿಸುತ್ತಾರೆ. ಅಯಸ್ಕಾಂತಕ್ಕೆ ಹತ್ತಿರವಾದಷ್ಟೂ ದ್ರವದ ಮೇಲೆ ಸೆಳೆತ ಹೆಚ್ಚು. ಹಾಗಾಗಿ ಅದು ಒಂದೊಂದು ಮಟ್ಟದಲ್ಲಿ ಒಂದೊಂದು ಸಾಂದ್ರತೆ ಇದ್ದಂತೆ ವರ್ತಿಸುತ್ತದೆ. ಪ್ಲಾಸ್ಟಿಕ್‌ಗೆ ಅಯಸ್ಕಾಂತದ ಗೊಡವೆಯಿಲ್ಲ. ಪ್ರತಿ ಚೂರೂ ತನ್ನ ಸಾಂದ್ರತೆಗೆ ಹೊಂದುವ ಎತ್ತರದಲ್ಲಿ ನಿಂತು ಪದರಪದರವಾಗಿ ಹೊರಬರುತ್ತದೆ. ಅವಗೆಂಪು ಕಿರಣದಿಂದ ಗುರುತಿಸುವ ಯಂತ್ರಗಳಿಗೆ ಕಪ್ಪು ಪ್ಲಾಸ್ಟಿಕ್ ಕಾಣುವುದೇ ಇಲ್ಲ. ಇಲ್ಲಿ ಬಣ್ಣ ಲೆಕ್ಕಕ್ಕೇ ಬಾರದು. ಪೆಟ್ ಮತ್ತು ಪಿವಿಸಿ ಸಾಂದ್ರತೆ ಹತ್ತಿರಹತ್ತಿರ ಇರುವುದರಿಂದ ಆ ಜೋಡಿಗೆ ಬೇರೆ ದಾರಿಯೂ ಬೇಕು.

ಇದರಿಂದ ಕಸ ಆಯುವವರ ಹೊಟ್ಟೆಗೆ ಹೊಡೆತ ಬೀಳುವುದಿಲ್ಲವೇ? ಭಯ ಸಹಜ. ಆದರೆ ಯಂತ್ರದ ಕೆಲಸ ಶುರುವಾಗುವುದು ಕೈಕೆಲಸ ಮುಗಿದ ಮೇಲೆ. ಮಣ್ಣು, ಅನ್ನ, ಬಟ್ಟೆ ಸೇರಿದ ಕಸವನ್ನು ಅದು ತಿನ್ನದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಸಣ್ಣ ಊರುಗಳಿಗೆ ಒಂದೊಂದು ಘಟಕ ಬೇಕಿಲ್ಲ, ಅಷ್ಟು ಮಾಲೂ ಸಿಗದು. ಅಲ್ಲಿ ಒಣಕಸವನ್ನು ಒಣದಾಗಿಯೇ ಉಳಿಸುವವರಿಗೆ ಸರಿಯಾದ ಕೂಲಿ ಸಿಗಬೇಕು. ಘಟಕ ದೊಡ್ಡ ನಗರದಲ್ಲಿರಲಿ. ಹಣದ ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಈ ವಿಧಾನವನ್ನು ಉದ್ಯಮವಾಗಿಸಿದ ಡಚ್ ಕಂಪನಿ ಯುಮಿನ್‌ಕಾರ್ಪ್ 2024ರ ಜನವರಿಯಲ್ಲಿ ದಿವಾಳಿಯಾಯಿತು. ಕಾರಣ ಯಂತ್ರವಲ್ಲ, ಹೊಸ ಪ್ಲಾಸ್ಟಿಕ್ ಅಗ್ಗವಾಗಿ ಸಿಗುವಾಗ ಮರುಬಳಕೆಯದನ್ನು ಕೊಳ್ಳುವವರಿಲ್ಲದಾಯಿತು. ಗಟ್ಟಿ ಪ್ಯಾಕೇಜಿಂಗ್‌ನಲ್ಲಿ 2025–26ರಿಂದ ಶೇ 30ರಷ್ಟು ಮರುಬಳಕೆ ಪ್ಲಾಸ್ಟಿಕ್ ಇರಬೇಕೆಂದು ಭಾರತದ 2022ರ ನಿಯಮ ಹೇಳಿದೆ. ಅದನ್ನು ಕಾಗದದ ಮೇಲಷ್ಟೇ ಅಲ್ಲ, ಕಾರ್ಖಾನೆಯ ಬಾಗಿಲಲ್ಲಿ ನಿಂತು ಪರಿಶೀಲಿಸಿದರೆ ಇಂಥ ಘಟಕಕ್ಕೆ ನಮ್ಮಲ್ಲಿ ಖಾಯಂ ಗಿರಾಕಿ ಸಿಗುತ್ತಾನೆ.