ನೆಗೆಟಿವ್ ಇಲ್ಲದ ಚಿತ್ರಗಳು

ಹೈದರಾಬಾದ್: ನಗರದ ಹಳೆಯ ಕನ್ನಡ ಮನೆಗಳಲ್ಲಿ ಅಟ್ಟ ಹುಡುಕಿದರೆ ಕಲರ್ ಸ್ಲೈಡುಗಳ ಡಬ್ಬಿಯೊಂದು ಸಿಕ್ಕೀತು. ಎರಡಂಗುಲ ಚೌಕದ ರಟ್ಟು, ನಡುವೆ ಫಿಲ್ಮಿನ ತುಣುಕು. ಬೆಳಕಿಗೆ ಹಿಡಿದರೆ ಹಂಪಿಯ ಕಲ್ಲಿನ ರಥ, ಮೈಸೂರು ದಸರಾ, ಊರಿನ ಮದುವೆ.

ಮಾಮೂಲಿ ಫಿಲ್ಮಿಗೆ ನೆಗೆಟಿವ್ ಇರುತ್ತದೆ, ಬೇಕಾದಷ್ಟು ಪ್ರಿಂಟ್ ಹಾಕಿಸಬಹುದು. ಸ್ಲೈಡಿನಲ್ಲಿ ಕ್ಯಾಮೆರಾದೊಳಗಿದ್ದ ಫಿಲ್ಮೇ ಚಿತ್ರ. ಕಾರ್ಬನ್ ಪ್ರತಿ ಇಲ್ಲದ ರಸೀದಿ ಇದ್ದಂತೆ, ಕಳೆದರೆ ಹೋಯಿತು. ಪ್ರಿಂಟ್ ಹಾಕುವಾಗ ತಿದ್ದುವ ಅವಕಾಶವೂ ಇಲ್ಲ. ಬೆಳಕಿನ ಲೆಕ್ಕ ಸ್ವಲ್ಪ ಹೆಚ್ಚಾದರೂ ಚಾರ್‌ಮಿನಾರಿನ ಹಿಂದಿನ ಆಕಾಶ ಬಿಳಿಚಿಕೊಳ್ಳುತ್ತಿತ್ತು. 36 ಚಿತ್ರಗಳ ರೋಲು ಕೆಲವರ ಕ್ಯಾಮೆರಾದಲ್ಲಿ ಯುಗಾದಿಯಿಂದ ದೀಪಾವಳಿಯವರೆಗೆ ನಡೆದದ್ದುಂಟು!

ತೊಳೆಯುವುದು ಇನ್ನೊಂದು ಪರೀಕ್ಷೆ. ಪೂರ್ವ ಜರ್ಮನಿಯ ಓರ್ವೊ ಫಿಲ್ಮಿಗೆ ದ್ರಾವಣ 25 ಡಿಗ್ರಿಯಲ್ಲಿರಬೇಕು. 40 ದಾಟುವ ಇಲ್ಲಿನ ಮೇ ತಿಂಗಳಲ್ಲಿ ಐಸ್ ಇಲ್ಲದೆ ಅದು ಸಾಧ್ಯವೇ? ಮೊದಲ ಡೆವಲಪರ್‌ನಲ್ಲಿ ಕಪ್ಪುಬಿಳುಪು ಚಿತ್ರ ಮೂಡುತ್ತದೆ. ಆಮೇಲೆ ಫಿಲ್ಮಿಗೆ ಬಲ್ಬಿನ ಬೆಳಕು ತೋರಿಸಿ ಕಲರ್ ಡೆವಲಪರ್‌ಗೆ ಹಾಕಬೇಕು. ಕೊನೆಗೆ ಬೆಳ್ಳಿಯೆಲ್ಲ ಕರಗಿ ಹೋಗಿ ಬಣ್ಣ ಮಾತ್ರ ಉಳಿಯುತ್ತದೆ. 1970ರ ದಶಕದಲ್ಲಿ ಬಂದ ಇ-6 ವಿಧಾನಕ್ಕೆ ಸುಮಾರು 38 ಡಿಗ್ರಿ ಬೇಕು. ಬಲ್ಬಿನ ಕೆಲಸವನ್ನು ಅಲ್ಲಿ ರಾಸಾಯನಿಕವೇ ಮಾಡುತ್ತದೆ.

1935ರಲ್ಲಿ ಬಂದ ಕೊಡಕ್ ಕಂಪನಿಯ ಕೊಡಾಕ್ರೋಮ್ ಮಾತ್ರ ಮನೆಯಲ್ಲಿ ತೊಳೆಯುವಂಥದ್ದಲ್ಲ. ಅದರ ಬಣ್ಣ ಫಿಲ್ಮಿನಲ್ಲಿರದೆ ಲ್ಯಾಬಿನಲ್ಲಿ ಸೇರುತ್ತಿತ್ತು. 2009ರಲ್ಲಿ ತಯಾರಿಕೆ ನಿಂತಿತು. ಕೊನೆಯ ರೋಲಿನ ಕೆಲವು ಚಿತ್ರಗಳನ್ನು ಸ್ಟೀವ್ ಮೆಕ್ಕರಿ ತೆಗೆದದ್ದು ನಮ್ಮ ದೇಶದಲ್ಲೇ. ಅಮೆರಿಕದ ಕಾನ್ಸಾಸ್‌ನಲ್ಲಿದ್ದ ಕೊನೆಯ ಲ್ಯಾಬು ಕೂಡ 2010ರ ಕೊನೆಗೆ ಅದಕ್ಕೆ ಬಾಗಿಲು ಹಾಕಿತು. ಎಕ್ಟಾಕ್ರೋಮ್ ಕೆಲವು ವರ್ಷ ನಿಂತಿದ್ದು 2018ರಲ್ಲಿ ಮರಳಿ ಬಂತು.

ಸಿಕಂದರಾಬಾದಿನಲ್ಲಿ ಸ್ಟುಡಿಯೋ ಇಟ್ಟಿದ್ದ, ನಿಜಾಮರ ಛಾಯಾಗ್ರಾಹಕ ರಾಜಾ ದೀನ್ ದಯಾಳ್ 1905ರಲ್ಲಿ ತೀರಿಕೊಂಡರು. ಅವರ ಗಾಜಿನ ನೆಗೆಟಿವ್‌ಗಳು ಇಂದಿಗೂ ಉಳಿದಿವೆ. ಅಟ್ಟದ ಮೇಲಿನ ಸ್ಲೈಡುಗಳಿಗೆ ಆ ಭಾಗ್ಯ ಕಡಿಮೆ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಸೆಖೆಗೆ ಬಣ್ಣ ಮಾಸುತ್ತದೆ. ಪದೇಪದೇ ಪ್ರೊಜೆಕ್ಟರಿಗೆ ಹಾಕಿದರೂ ಕೇಡು, ಕೊಡಾಕ್ರೋಮ್‌ಗಂತೂ ಕತ್ತಲೆಯೇ ಕ್ಷೇಮ. ಒದ್ದೆ ಬಟ್ಟೆಯಿಂದ ಒರೆಸುವುದು ಬೇಡ, ಮೆತ್ತನೆಯ ಬ್ರಷ್ ಸಾಕು.

ಸ್ಕ್ಯಾನ್ ಮಾಡಿಸಿದರೆ ಚಿತ್ರ ಉಳಿದೀತು. ಆದರೆ ಮದುವೆಯ ಚಪ್ಪರದಡಿ ಎಡಗಡೆ ನಿಂತ ಅಜ್ಜಿ ಯಾರೆಂದು ಸ್ಕ್ಯಾನರ್ ಹೇಳದು. ಮನೆಯ ಹಿರಿಯರನ್ನು ಕೂರಿಸಿಕೊಂಡು, ಒಂದೊಂದೇ ಸ್ಲೈಡನ್ನು ಕಿಟಕಿಗೆ ಹಿಡಿದು, ಹೆಸರು, ಊರು, ವರ್ಷವನ್ನು ರಟ್ಟಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುವ ಕೆಲಸ ಅದಕ್ಕೂ ಮೊದಲು ಆಗಬೇಕು.