ಅರ್ಹತೆಗೆ ಕೆಲಸವೇ ಸಾಕ್ಷಿ

ಎಳೆಯರ ಯೋಗ್ಯತೆಯ ವಿಷಯದಲ್ಲಿ ಹಿರಿಯರು ಅವಸರದಿಂದ ಕೊಡುವ ತೀರ್ಪು ಎಷ್ಟೋ ಸಲ ತಪ್ಪಾಗುವುದುಂಟು. ಅಮೆರಿಕದ ಚಲಚ್ಚಿತ್ರ ನಟಿ ಸಿಗೋರ್ನಿ ವೀವರ್ ಅವರ ವೃತ್ತಿಜೀವನವು ಇದಕ್ಕೆ ಒಳ್ಳೆಯ ನಿದರ್ಶನವೆಂದು ನಾವು ಭಾವಿಸುತ್ತೇವೆ.

೧೯೪೯ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಇವರು ಯೇಲ್ ವಿಶ್ವವಿದ್ಯಾಲಯದ ನಾಟಕಶಾಲೆಯಲ್ಲಿ ಅಭ್ಯಾಸಮಾಡುತ್ತಿದ್ದಾಗ, ಪ್ರತಿಭೆಯೇ ಇಲ್ಲವೆಂಬ ಮಾತನ್ನು ಅಧ್ಯಾಪಕರಿಂದ ಕೇಳಬೇಕಾಯಿತಂತೆ. ಇದನ್ನು ಇವರೇ ಹೇಳಿಕೊಂಡಿದ್ದಾರೆ. ೧೯೭೪ರಲ್ಲಿ ಅಲ್ಲಿನ ವ್ಯಾಸಂಗ ಮುಗಿಯಿತು. ೧೯೭೯ರಲ್ಲಿ 'ಏಲಿಯನ್' ಚಿತ್ರವು ಇವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿತು.

ರಿಡ್ಲಿ ಸ್ಕಾಟರು ನಿರ್ದೇಶಿಸಿದ ಆ ಚಿತ್ರದ ಕಥೆ ನಡೆಯುವುದು ಏಳು ಮಂದಿಯಿರುವ ಒಂದು ಅಂತರಿಕ್ಷ ನೌಕೆಯಲ್ಲಿ. ಪಾತ್ರಗಳನ್ನು ಗಂಡಸರಾಗಲಿ ಹೆಂಗಸರಾಗಲಿ ವಹಿಸಬಹುದೆಂದು ಮೂಲ ಲೇಖಕರು ಸೂಚಿಸಿದ್ದರು. ಹೀಗೆ ಅಧಿಕಾರಿ ರಿಪ್ಲಿಯ ಪಾತ್ರವು ವೀವರ್ ಅವರ ಪಾಲಿಗೆ ಬಂದಿತು. ಅನ್ಯಗ್ರಹದ ಜೀವಿಯೊಂದು ಮುಖಕ್ಕೆ ಕಚ್ಚಿಕೊಂಡ ಸಂಗಡಿಗನನ್ನು ಹೊತ್ತು ನಾಯಕನು ನೌಕೆಯ ಬಾಗಿಲಿಗೆ ಬಂದಾಗ, ಸೋಂಕು ತಡೆಯುವ ನಿಯಮದಂತೆ ಒಳಗೆ ಬಿಡಲಾಗದೆಂದು ರಿಪ್ಲಿ ನುಡಿಯುತ್ತಾಳೆ. ಮತ್ತೊಬ್ಬನು ಅವಳ ಮಾತನ್ನು ಮೀರಿ ಬಾಗಿಲು ತೆರೆಯುತ್ತಾನೆ. ಅಲ್ಲಿಂದ ವಿನಾಶವು ಮೊದಲಾಗುತ್ತದೆ. ಒಂದು ಕಡೆ ಕನಿಕರ, ಇನ್ನೊಂದು ಕಡೆ ಹೊಣೆ! ಕಚೇರಿಯ ಕೆಲಸ ಬಲ್ಲ ನಮ್ಮ ವಾಚಕರಿಗೆ ಈ ಇಕ್ಕಟ್ಟನ್ನು ವಿವರಿಸಬೇಕಾಗಿಲ್ಲ. ವೀವರ್ ಅದನ್ನು ಕಣ್ಣೀರಿಲ್ಲದೆ, ಆರ್ಭಟವಿಲ್ಲದೆ, ಕರ್ತವ್ಯವನ್ನರಿತ ಅಧಿಕಾರಿಯ ಸ್ಥಿರವಾದ ದನಿಯಿಂದಲೇ ತೋರಿಸಿಕೊಟ್ಟರು. ಕಡೆಗೆ ಬದುಕಿ ಉಳಿಯುವವಳೂ ಅವಳೊಬ್ಬಳೇ.

ಇಂತಹ ವೈಜ್ಞಾನಿಕ ಕಥೆಗಳನ್ನು ಹುಡುಗರ ವಿನೋದವೆಂದು ತಳ್ಳಿಹಾಕುವವರೂ ಉಂಟು. ಆದರೆ ಜೇಮ್ಸ್ ಕ್ಯಾಮರೂನರು ನಿರ್ದೇಶಿಸಿದ, ೧೯೮೬ರ 'ಏಲಿಯನ್ಸ್' ಚಿತ್ರದಲ್ಲಿ ಅದೇ ರಿಪ್ಲಿಯು ದಿಕ್ಕಿಲ್ಲದ ಬಾಲಿಕೆಯೊಬ್ಬಳಿಗೆ ತಾಯಿಯಾಗಿ ನಿಂತಾಗ, ಆಸ್ಕರ್ ಪ್ರಶಸ್ತಿಗೆ ಪರಿಗಣಿತರಾದ ಶ್ರೇಷ್ಠ ನಟಿಯರ ಸಾಲಿಗೆ ವೀವರ್ ಸೇರಿದರು. ೧೯೮೮ರ ಎರಡು ಚಿತ್ರಗಳಿಗೂ ಅದೇ ಗೌರವ ಬಂದಿತು. ಮೂರು ಸಲವೂ ಪ್ರಶಸ್ತಿ ಅನ್ಯರ ಪಾಲಾಯಿತು. ಕೆಲಸ ಮಾತ್ರ ನಿಲ್ಲಲಿಲ್ಲ. ೨೦೨೨ರಲ್ಲಿ 'ಅವತಾರ್' ಚಿತ್ರದ ಎರಡನೆಯ ಭಾಗವು ತೆರೆಕಂಡಾಗ ಇವರ ವಯಸ್ಸು ೭೩. ವಹಿಸಿದ್ದ ಪಾತ್ರವೋ ಹದಿಹರೆಯದ ಹುಡುಗಿಯದು! ೨೦೨೪ರಲ್ಲಿ ವೆನಿಸ್ ಚಿತ್ರೋತ್ಸವವು ಜೀವಮಾನದ ಸಾಧನೆಗಾಗಿ ಚಿನ್ನದ ಸಿಂಹವನ್ನಿತ್ತು ಇವರನ್ನು ಗೌರವಿಸಿತು.

ಬಿರುದುಗಳನ್ನು ಎಣಿಸುವುದು ನಮ್ಮ ಉದ್ದೇಶವಲ್ಲ. ತಂದೆತಾಯಿಗಳೂ ಉಪಾಧ್ಯಾಯರೂ ಮೇಲಧಿಕಾರಿಗಳೂ ಒಬ್ಬ ಹುಡುಗಿಯನ್ನು ಕೈಲಾಗದವಳೆಂದು ನಿರ್ಣಯಿಸುವ ಮುನ್ನ, ಅವಳ ಕೈಗೆ ತಕ್ಕ ಕೆಲಸವನ್ನು ಕೊಟ್ಟು ನೋಡಿದೆವೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ. ನಮ್ಮ ಬಿನ್ನಹ ಇಷ್ಟೆ.